ಒಂದೇ ಸಾಲಿನ ಹಿನ್ನೆಲೆ

ಎಲ್ಲ ರಗಳೆಗೂ ಮೂಲ ಒಂದು ಖಾಲಿ ಚೌಕ. ವಾಷಿಂಗ್ಟನ್ನಿನ ಕೆ ಬೀದಿಯ ಏಳನೆಯ ಮಹಡಿಯಲ್ಲಿರುವ ಶಾಂತಿ ಮತ್ತು ಸ್ಥಿರತಾ ಗುತ್ತಿಗೆದಾರರ ಸಂಘದ ವೆಬ್‌ಸೈಟಿನಲ್ಲಿ 'ನಮ್ಮ ಸಿಬ್ಬಂದಿ' ಎಂಬ ಪುಟವಿತ್ತು. ಒಬ್ಬೊಬ್ಬರದೂ ಒಂದು ಫೋಟೊ, ಪಕ್ಕದ ಚೌಕದಲ್ಲಿ ಅವರ ಹಿನ್ನೆಲೆ. ನಾರ್ಬರ್ಟ್ ಡೋಬಿನ್ಸನ ಫೋಟೊ ಏನೋ ಇತ್ತು; ಪಕ್ಕದ ಚೌಕ ಮಾತ್ರ ಮೂರು ತಿಂಗಳಿಂದ ಬೋಳಾಗಿಯೇ ಇತ್ತು.

"ಹನ್ನೊಂದು ಗಂಟೆಯೊಳಗೆ ಬರೆದುಕೊಡು ನಾರ್ಬರ್ಟ್," ಎಂದಳು ಪುಟ ನೋಡಿಕೊಳ್ಳುವ ಗ್ರೆಚೆನ್, ಅವನ ಮೇಜಿನ ಅಂಚಿನ ಮೇಲೆ ಕೂತು. "ಮಧ್ಯಾಹ್ನ ಸದಸ್ಯರ ವಾರ್ಷಿಕ ಊಟ. ಬಂದವರೆಲ್ಲ ಫೋನ್ ತೆಗೆದು ಮೊದಲು ನೋಡೋದೇ ಈ ಪುಟ. ಎಷ್ಟು ದಿನ ಅಂತ ನಾಳೆ ನಾಡಿದ್ದು ಅಂತೀಯ? ನೀನೇನು ಆಕಾಶದಿಂದ ಉದುರಿ ಬಂದ್ಯಾ?"

ನಾರ್ಬರ್ಟ್ ಹಲ್ಲು ಕಿರಿದು ಮುಂದಿದ್ದ ಕಡತ ತೆರೆದ. ಯುದ್ಧ ನಿಂತ ದೇಶಗಳಲ್ಲಿ ಲಾರಿ ಓಡಿಸುವ, ನೆಲಬಾಂಬ್ ಕೀಳುವ, ಡೇರೆ ಹಾಕುವ ಖಾಸಗಿ ಕಂಪನಿಗಳ ಸಂಘ ಅದು. ಅಲ್ಲಿ ಸದಸ್ಯತ್ವದ ಅರ್ಜಿಗಳನ್ನು ಜೋಡಿಸಿಡುವ ಗುಮಾಸ್ತ ಅವನು. ಸಹೋದ್ಯೋಗಿಗಳ ಹಿನ್ನೆಲೆಗಳನ್ನು ಅವನು ದಿನಕ್ಕೊಮ್ಮೆಯಾದರೂ ಓದುತ್ತಿದ್ದ, ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಈ ಗ್ರೆಚೆನ್ ಲೈಬೀರಿಯಾದಲ್ಲಿ ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ದೊಡ್ಡ ಡಬ್ಬಿಯೊಂದರೊಳಗೆ ಕೂತು ಎರಡು ವರ್ಷ ರೇಡಿಯೊ ನಡೆಸಿದವಳು. ಆಚೆ ಮೇಜಿನ ಲಾನಿ, ಮಾಜಿ ಮರೀನ್ ಸೈನಿಕ, ಮುರಿದ ಸೇತುವೆಯ ಮೇಲೆ ನಲವತ್ತು ಹಿಟ್ಟಿನ ಲಾರಿ ದಾಟಿಸಿದವನು. ಇನ್ನು ಸಂಘದ ಮುಖ್ಯಸ್ಥೆ ಕರ್ನಲ್ ವೊಸ್ ಬಾಸ್ನಿಯಾದಲ್ಲಿ ಎರಡು ಸೈನ್ಯಗಳ ನಡುವೆ ಮಡಿಸುವ ಕುರ್ಚಿ ಹಾಕಿಕೊಂಡು, ಎರಡೂ ಕಡೆಯವರು ಬಂದೂಕು ಇಳಿಸುವವರೆಗೆ ಎದ್ದಿರಲಿಲ್ಲವಂತೆ. ಇಂಥವರು ಕಾಫಿ ಕುಡಿದ ಲೋಟದ ಪಕ್ಕ ತನ್ನ ಲೋಟ ಇಡುವುದಕ್ಕೂ ನಾರ್ಬರ್ಟನಿಗೆ ಸಂಕೋಚ.

ಅವನ ಹಿನ್ನೆಲೆ ಏನು? ಒಹಾಯೊದ ಒಂದು ಪ್ರೈಮರಿ ಶಾಲೆಯ ಊಟದ ಮನೆಯಲ್ಲಿ ಹನ್ನೊಂದು ವರ್ಷ ಮೇಲ್ವಿಚಾರಕ. ಕುತ್ತಿಗೆಯಲ್ಲಿ ಸೀಟಿ, ಅಂಗಿಯ ಮೇಲೆ ಕೆಚಪ್ಪು, ಎದುರಿಗೆ ನಾನೂರು ಮಕ್ಕಳು. ಇನ್ನು ಸಾಯುವವರೆಗೆ ಸೀಟಿ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಊರು ಬಿಟ್ಟು ಬಂದಿದ್ದ. ಅರ್ಜಿಯಲ್ಲಿ ಬರೀ ಶಾಲೆಯ ಹೆಸರು ಹಾಕಿ, ಕೆಲಸ ಏನೆಂಬ ಜಾಗದಲ್ಲಿ ಅಸ್ಪಷ್ಟವಾಗಿ 'ಶಿಸ್ತು ಪಾಲನೆ' ಎಂದು ಗೀಚಿದ್ದ. ಇವತ್ತಿಗೆ ಮೂರು ತಿಂಗಳ ಪ್ರೊಬೇಷನ್ ಮುಗಿಯುತ್ತಿತ್ತು. ಸಂಜೆಯೊಳಗೆ ಕರ್ನಲ್ ಮೇಡಂ ಅವನನ್ನು ಉಳಿಸಿಕೊಳ್ಳಬೇಕು ಇಲ್ಲವೆ ಕಳಿಸಬೇಕು. ಈ ಹೊತ್ತಿನಲ್ಲಿ ನಿಜ ಬರೆದರೆ ನಗೆಪಾಟಲು, ಮತ್ತೆ ಅದೇ ಊಟದ ಮನೆ. ಸುಳ್ಳು ಬರೆಯೋಣವೆಂದರೆ ಇವನಿಗೆ ಸುಳ್ಳು ಹೇಳುವಾಗ ಕಿವಿ ಕೆಂಪಗಾಗುತ್ತದೆ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಬೆವರೊರೆಸಿಕೊಂಡು ಒಂದು ಸಾಲು ಬರೆದ: 'ನಾರ್ಬರ್ಟ್ ಡೋಬಿನ್ಸ್ ಒಹಾಯೊದವರು.' ಮುಂದೆ ಏನೂ ತೋಚಲಿಲ್ಲ. ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟ.

ಎರಡು ನಿಮಿಷಕ್ಕೆ ಗ್ರೆಚೆನ್ ಬಂದಳು. ಈ ಸಲ ಮೇಜಿನ ಮೇಲೆ ಕೂರಲಿಲ್ಲ.

"ಇಷ್ಟೇನಾ?" ಎಂದಳು ಮೆಲ್ಲಗೆ.

"ಇಷ್ಟೇ. ಬೇರೆ ಏನೂ ಹೇಳೋ ಹಾಗಿಲ್ಲ."

ಹೇಳುವಂಥದ್ದು ಏನೂ ಇಲ್ಲ ಎನ್ನುವುದು ಅವನ ಇಂಗಿತ. ಆದರೆ ಆ ಕಸುಬಿನಲ್ಲಿ ಒಂದು ಲೆಕ್ಕವಿದೆ. ಕ್ಯಾಂಪಿನಲ್ಲಿ ಸೊಪ್ಪು ಹೆಚ್ಚಿದವನು ಅರ್ಧ ಪುಟ ಬರೆಯುತ್ತಾನೆ, ಲಾರಿ ಓಡಿಸಿದವನು ಕಾಲು ಪುಟ. ನಿಜವಾಗಿ ಎದೆ ನಡುಗಿಸುವ ಕೆಲಸ ಮಾಡಿದವನು ಒಂದು ಸಾಲು ಬರೆದು ಬಾಯಿ ಹೊಲಿದುಕೊಳ್ಳುತ್ತಾನೆ. ಹದಿನೈದು ವರ್ಷದಲ್ಲಿ ಗ್ರೆಚೆನ್ ಒಂದೇ ಸಾಲಿನ ಹಿನ್ನೆಲೆ ನೋಡಿದ್ದು ಇದೇ ಮೊದಲು.

"ಹೇಳ್ಬೇಡಿ, ಹೇಳ್ಬೇಡಿ," ಎಂದು ಎರಡು ಹೆಜ್ಜೆ ಹಿಂದೆ ಸರಿದಳು. "ನಾನು ಬೇರೆ ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ. ತಪ್ಪು ತಿಳ್ಕೋಬೇಡಿ ಸರ್. ಕಾಫಿ ತಂದ್ಕೊಡ್ಲಾ?"

ನೀನು ಹೋಗಿ ನೀವು ಆದದ್ದನ್ನು ಕೇಳಿ ನಾರ್ಬರ್ಟ್ ಹೌಹಾರಿದ. ಸುದ್ದಿ ಮಾತ್ರ ಕಾಫಿಗಿಂತ ಮೊದಲೇ ಇಡೀ ಮಹಡಿ ಸುತ್ತಿತು. ಲಾನಿ ಎದ್ದು ಬಂದು ಕೈ ಕುಲುಕಿದ. ಕೈ ಬಿಟ್ಟಾಗ ನಾರ್ಬರ್ಟನ ಅಂಗೈಯಲ್ಲಿ ಭಾರವಾದ ಹಿತ್ತಾಳೆ ಬಿಲ್ಲೆಯೊಂದು ಉಳಿದಿತ್ತು. ಅದು ಲಾನಿಯ ಪಡೆಯ ಬಿಲ್ಲೆ. ತಾನು ಗೌರವಿಸುವವನಿಗೆ ಹೀಗೆ ಗುಟ್ಟಾಗಿ ಕೈದಾಟಿಸುವುದು ಸೈನ್ಯದವರ ಪದ್ಧತಿ.

"ನಂಗೊತ್ತಿತ್ತು ಸರ್," ಎಂದ ಲಾನಿ ದನಿ ತಗ್ಗಿಸಿ. "ಮೂರು ತಿಂಗಳಿಂದ ನೋಡ್ತಾನೇ ಇದೀನಿ. ಎಲ್ಲೇ ಕೂತ್ರೂ ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ. ಹಿಂದಿಂದ ಏನಾದ್ರೂ ಬಿದ್ರೆ ತಕ್ಷಣ ತಲೆ ತಗ್ಗಿಸ್ತೀರ. ಮಣಿಕಟ್ಟಿನ ಮೇಲೆ ಆ ಸುಟ್ಟ ಗಾಯ ಬೇರೆ. ಅದು ಹೇಗಾಯ್ತು?"

"ಬಿಸಿ ಸೂಪು ಚೆಲ್ಲಿತ್ತು ಅಷ್ಟೇ," ಎಂದ ನಾರ್ಬರ್ಟ್. ಅದು ಅಪ್ಪಟ ಸತ್ಯ.

ಲಾನಿ ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಸೂಪು! ಭಲೇ! ನಾನೂ ನನ್ನ ಹೆಂಡ್ತಿಗೆ ಹಾಗೇ ಹೇಳಿರೋದು."

ಮಧ್ಯಾಹ್ನ ಹೋಟೆಲಿನ ದೊಡ್ಡ ಹಾಲಿನಲ್ಲಿ ನೂರೆಂಬತ್ತು ಸದಸ್ಯರು ಸೇರಿದರು. ಬಾಗಿಲಗಲದ ಭುಜ, ಬೂದಿ ಬಣ್ಣದ ಗಡ್ಡ, ಬಿಸಿಲಿಗೆ ಬೆಂದ ಮುಖಗಳು. ಅವರ ನಡುವೆ ನಡೆಯುವಾಗ ನಾರ್ಬರ್ಟನಿಗೆ ಭಯವೂ ಆಯಿತು, ಎದೆ ತುಂಬಿಯೂ ಬಂತು. ಎಂಥೆಂಥ ಜನ! ಒಬ್ಬೊಬ್ಬರೂ ಫೋನ್ ನೋಡುವುದು, ಆ ಒಂದು ಸಾಲು ಓದುವುದು, ಮೌನವಾಗಿ ಬಂದು ಕೈ ಕುಲುಕಿ ತಮ್ಮ ಪಡೆಯ ಬಿಲ್ಲೆ ದಾಟಿಸುವುದು. ಅರ್ಧ ಗಂಟೆಯಲ್ಲಿ ಜೇಬು ಸೇರಿದ ಬಿಲ್ಲೆಗಳ ಭಾರಕ್ಕೆ ಅವನ ಪ್ಯಾಂಟು ಜಾರತೊಡಗಿತು. ಎಡಗೈಯಲ್ಲಿ ಸೊಂಟ ಹಿಡಿದುಕೊಂಡೇ ಬಲಗೈ ಚಾಚಿದ. ಅಲ್ಲೇನು ಇಟ್ಟುಕೊಂಡಿದ್ದಾನೋ ಎಂದು ಜನ ಇನ್ನೂ ಒಂದು ಮಾರು ದೂರ ನಿಂತರು.

ರಕ್ಷಣಾ ಲಾರಿಗಳ ಕಂಪನಿಯ ಯಜಮಾನ ಟರ್‌ಹ್ಯೂನ್, ಆರೂವರೆ ಅಡಿಯ ಆಳು, ಹತ್ತಿರ ಬಂದು ಬಾಗಿದ. "ಮುಂದಿನ ವಾರ ದಕ್ಷಿಣ ಸುಡಾನಿನ ಜುಬಾಗೆ ಹೊರಟಿದೀವಿ. ಒಂದು ಸೀಟು ನಿಮಗೇ ಅಂತ ಇಟ್ಟಿದೀನಿ. ಏನು ಕೇಳ್ತೀರೋ ಕೇಳಿ."

ನಾರ್ಬರ್ಟ್ ಸೊಂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಇನ್ನು ತಡೆದರೆ ಹೆಣವಾಗಿಯೇ ಒಹಾಯೊ ಸೇರಬೇಕಾದೀತು. ಕೆಲಸ ಹೋದರೆ ಹೋಗಲಿ, ಕರ್ನಲ್ ಮೇಡಂಗೆ ಎಲ್ಲ ಒಪ್ಪಿಸಿಬಿಡುತ್ತೇನೆ ಎಂದು ಹಾಲಿನ ಆ ತುದಿಗೆ ಹೊರಟ.

ಅರ್ಧ ದಾರಿಯಲ್ಲಿದ್ದಾಗ ಹಿಂದೆ ಗದ್ದಲ ಎದ್ದಿತು. ಊಟದ ಸಾಲಿನಲ್ಲಿ ಟರ್‌ಹ್ಯೂನ್ ನಡುವೆ ನುಗ್ಗಿ ಏಡಿ ವಡೆಗೆ ಕೈ ಹಾಕಿದ್ದ. ಹಿಂದಿದ್ದವನು ನೆಲಬಾಂಬ್ ಕೀಳುವ ಕಂಪನಿಯ ಬೋಶಾಂ.

"ಸಾಲಲ್ಲಿ ಬಾರಯ್ಯಾ, ಇದೇನು ನಿಮ್ಮಪ್ಪನ ಮನೆ ಮದುವೆನಾ?"

"ನಾನು ಮೊದ್ಲೇ ಇಲ್ಲಿದ್ದೆ, ತಟ್ಟೆ ತರೋಕೆ ಹೋಗಿದ್ದೆ!"

"ಸುಡಾನಲ್ಲೂ ನೀನು ಹೀಗೇ ನುಗ್ಗಿದ್ದು!"

ಲಾರಿಯವರೆಲ್ಲ ಒಂದು ಕಡೆ, ಬಾಂಬಿನವರೆಲ್ಲ ಇನ್ನೊಂದು ಕಡೆ ಎದ್ದು ನಿಂತರು. ಶಾಂತಿ ಕಾಪಾಡುವವರ ನೂರೆಂಬತ್ತು ಜೊತೆ ಅಂಗಿತೋಳುಗಳು ಮೇಲೇರಿದವು. ಒಂದು ಬನ್ನು ಗಾಳಿಯಲ್ಲಿ ಹಾರಿ ಬೋಶಾಂನ ಹಣೆಗೆ ಬಡಿಯಿತು.

ನಾರ್ಬರ್ಟ್ ಯೋಚಿಸಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ ಯೋಚಿಸಲು ಬಿಡಲಿಲ್ಲ. ಎರಡು ಬೆರಳು ಬಾಯಿಗೆ ಹೋದವು, ದೀಪದ ಗಾಜು ಅದುರುವಂಥ ಸಿಳ್ಳೆ ಹೊರಟಿತು.

"ಕೂತ್ಕೊಳ್ಳಿ! ಎಲ್ಲಾರೂ! ಎರಡೂ ಕೈ ಮೇಜಿನ ಮೇಲೆ!"

ನೂರೆಂಬತ್ತು ಜನ ಕೂತರು. ಮುನ್ನೂರ ಅರವತ್ತು ಕೈ ಮೇಜಿನ ಮೇಲೆ ಬಂದವು.

"ಬನ್ನು ಎಸೆದದ್ದು ಯಾರು?"

ಟರ್‌ಹ್ಯೂನ್ ನಿಧಾನವಾಗಿ ಕೈ ಎತ್ತಿದ.

"ಎದ್ದು ಬನ್ನಿ. ಅದನ್ನ ಎತ್ತಿ ಕಸದ ಡಬ್ಬಿಗೆ ಹಾಕಿ. ಅವರಿಗೆ ಸಾರಿ ಹೇಳಿ. ಜೋರಾಗಿ, ನನಗೆ ಕೇಳ್ಬೇಕು."

ಟರ್‌ಹ್ಯೂನ್ ಸಾರಿ ಹೇಳಿದ. ಬೋಶಾಂ ಮೂಗೊರೆಸಿಕೊಂಡು ಪರವಾಗಿಲ್ಲ ಎಂದ. ಹಾಲಿನ ತುಂಬ ಉಸಿರು ಬಿಟ್ಟ ಸದ್ದು. ಗೋಡೆಗೊರಗಿ ನಿಂತಿದ್ದ ಕರ್ನಲ್ ವೊಸ್ ಒಂದು ಬೆರಳು ಆಡಿಸಿ ನಾರ್ಬರ್ಟನನ್ನು ಪಕ್ಕದ ಕೋಣೆಗೆ ಕರೆದರು.

ಬಾಗಿಲು ಮುಚ್ಚಿದ್ದೇ ತಡ, ಅವನು ಎಲ್ಲವನ್ನೂ ಕಕ್ಕಿಬಿಟ್ಟ: ಶಾಲೆ, ಕೆಚಪ್ಪು, ಸೂಪು. "ಮೇಡಂ, ನಾನು ಯಾವ ಯುದ್ಧವನ್ನೂ ನೋಡಿಲ್ಲ. ಇಲ್ಲಿರೋ ಯೋಗ್ಯತೆ ನನಗಿಲ್ಲ."

"ನನಗೆ ಮೊದಲ ದಿನವೇ ಗೊತ್ತಿತ್ತು ಕಣೋ," ಎಂದರು ಕರ್ನಲ್. ಆ ಒಂದು ಸಾಲು ಕಳಿಸಿದ ಮೇಲೆ ಅವನನ್ನು ಹೀಗೆ ಸಲುಗೆಯಿಂದ ಕರೆದವರು ಅವರೊಬ್ಬರೇ. ನಾರ್ಬರ್ಟನಿಗೆ ಅಳು ಬರುವಷ್ಟು ಹಿತವಾಯಿತು. "ನಿಮ್ಮ ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿದ್ದೆ. ನಾನೂರು ಮಕ್ಕಳು, ದಿನಾ ನಲವತ್ತು ನಿಮಿಷ, ಹನ್ನೊಂದು ವರ್ಷ. ಒಂದು ಮಗುವಿನ ಹಲ್ಲೂ ಮುರಿದಿಲ್ಲ ಅಂದ್ರು. ನನ್ನ ಹಿಂದೆ ಎರಡು ಬೆಟಾಲಿಯನ್ ಇತ್ತಪ್ಪಾ, ಆಗ ಕುರ್ಚಿ ಹಾಕ್ಕೊಂಡು ಕೂತೆ. ನಿನ್ನ ಹಿಂದೆ ಏನಿತ್ತು? ಒಂದು ಸೀಟಿ."

ಕರ್ನಲ್ ವೊಸ್, ಬಾಸ್ನಿಯಾದ ಕರ್ನಲ್ ವೊಸ್, ತನ್ನನ್ನು ಕಣ್ಣರಳಿಸಿ ನೋಡುತ್ತಿದ್ದಾರೆ! ನಾರ್ಬರ್ಟ್ ಪ್ಯಾಂಟು ಮೇಲೆಳೆದುಕೊಂಡು ನೆಟ್ಟಗೆ ನಿಂತ.

"ಹಾಗಾದ್ರೆ ಕೆಲಸ?"

"ಕಾಯಂ. ಸಂಬಳವೂ ಹೆಚ್ಚಾಗುತ್ತೆ."

"ಮೇಡಂ! ಅರ್ಜಿಗಳನ್ನೆಲ್ಲ ಇನ್ನೂ ಚೆನ್ನಾಗಿ ಜೋಡಿಸ್ತೀನಿ."

"ಅರ್ಜಿ ಯಾರು ಬೇಕಾದ್ರೂ ಜೋಡಿಸ್ತಾರೆ ಬಿಡು." ಕರ್ನಲ್ ಕೋಟಿನ ಜೇಬಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ಅವನ ಕೈಯಲ್ಲಿಟ್ಟರು. "ವರ್ಷಕ್ಕೆ ಮೂವತ್ತಾರು ಸಭೆ ನಮ್ಮದು, ಮೂವತ್ತಾರಕ್ಕೂ ಊಟ ಇರುತ್ತೆ. ಮೂವತ್ತಾರೂ ನಿನ್ನದೇ. ಆ ಪುಟದಲ್ಲಿ ಮಾತ್ರ ಒಂದಕ್ಷರ ಸೇರಿಸಬೇಡ. ಶಾಲೆಯ ಊಟದ ಮನೆ ಅಂತ ಗೊತ್ತಾದ್ರೆ ಇವರು ಮಾತು ಕೇಳಲ್ಲ."

ನಾರ್ಬರ್ಟ್ ಡಬ್ಬಿ ತೆರೆದ. ಒಳಗೆ ಹೊಳೆಯುವ ಹೊಸ ಸೀಟಿ, ಅದಕ್ಕೆ ನೀಲಿ ದಾರ. ಕರ್ನಲ್ ಮೇಡಂ ತಮ್ಮ ಕೈಯಾರೆ ಅದನ್ನು ಅವನ ಕುತ್ತಿಗೆಗೆ ಪದಕ ತೊಡಿಸುವಂತೆ ತೊಡಿಸಿ, ಬೆನ್ನು ತಟ್ಟಿ ಹೊರಗೆ ಕಳಿಸಿದರು.

ಹಾಲಿನಲ್ಲಿ ನೂರೆಂಬತ್ತು ಜನ ಇನ್ನೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಏಳಿ ಎಂದು ಯಾರೂ ಹೇಳಿರಲಿಲ್ಲವಲ್ಲ. ನಾರ್ಬರ್ಟ್ ಬೆನ್ನು ಗೋಡೆಗೆ ಆನಿಸಿ, ಕಣ್ಣು ಬಾಗಿಲಿಗಿಟ್ಟು ನಿಂತ. ಅಷ್ಟರಲ್ಲಿ ಮೂರನೆಯ ಮೇಜಿನಿಂದ ಟರ್‌ಹ್ಯೂನ್ ಒಂದು ಬೆರಳು ಮೇಲೆತ್ತಿದ.

"ಸರ್," ಎಂದ ಆ ಆರೂವರೆ ಅಡಿಯ ಆಳು, ಕುರ್ಚಿಯಲ್ಲಿ ಕೂರಲಾರದೆ ಹೊಯ್ದಾಡುತ್ತ, "ಬಾತ್‌ರೂಮಿಗೆ ಹೋಗ್ಬರ್ಲಾ?"