ಖಳನಾಯಕ ಸಾಯದ ಸಿನಿಮಾಗಳು

ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ನಾನು ಥಿಯೇಟರಿನಲ್ಲಿ ನೋಡಿದ ಒಂದೇ ಒಂದು ಸಿನಿಮಾದಲ್ಲೂ ಖಳನಾಯಕ ಸತ್ತಿಲ್ಲ! ನೀವು ನಂಬಲಿಕ್ಕಿಲ್ಲ. ನನ್ನ ಲೆಕ್ಕದಲ್ಲಿ ಅವರೆಲ್ಲ ಇವತ್ತಿಗೂ ಉಂಡುಕೊಂಡು ಆರೋಗ್ಯವಾಗಿದ್ದಾರೆ. ಬಾಂಬುಗಳು ಟಿಕ್ ಟಿಕ್ ಎನ್ನುತ್ತಲೇ ಇವೆ, ಭೂಮಿಗೆ ಬಡಿಯಬೇಕಾದ ಉಲ್ಕೆ ಆಕಾಶದಲ್ಲೇ ನಿಂತಿದೆ, ಕಂಬಕ್ಕೆ ಕಟ್ಟಿದ ನಾಯಕಿಯರನ್ನು ಯಾರೂ ಬಿಚ್ಚಿಲ್ಲ. ಈ ಎಲ್ಲ ಅನಾಹುತಕ್ಕೂ ಹೊಣೆ ಒಬ್ಬರೇ. ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಹರಿಹರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅವರ ಹತ್ತಿರವೇ ಬರುತ್ತವೆ. ಆದರೆ ಹೊಸ ಸಿನಿಮಾ ಬಂತೋ, ಪಂಪ್‌ಸೆಟ್ಟುಗಳನ್ನು ಅವುಗಳ ಹಣೆಬರಹಕ್ಕೆ ಬಿಟ್ಟು, ಷಟರ್ ಎಳೆದು, ಬಸ್ಸು ಹತ್ತಿ ದಾವಣಗೆರೆಗೆ ಬಂದುಬಿಡುತ್ತಾರೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಮುಂದೆ ನಿಂತು "ಏಳಪ್ಪಾ, ಹೋಗಾನ" ಎಂದು ಕೂಗುತ್ತಾರೆ. ಟಿಕೆಟ್ ಅವರದು, ಪಾಪ್‌ಕಾರ್ನ್ ಅವರದು. ಎಂಥ ಒಳ್ಳೆಯ ಭಾವ ಅಂತೀರಾ? ಸ್ವಲ್ಪ ತಡೆಯಿರಿ.

ಸಿನಿಮಾ ಇನ್ನೇನು ಮುಗಿಯಬೇಕು. ಹೀರೋ ತುಟಿಯ ರಕ್ತ ಒರೆಸಿಕೊಂಡು ಎದ್ದಿದ್ದಾನೆ, ನಗಾರಿ ಶುರುವಾಗಿದೆ, ಇಡೀ ಥಿಯೇಟರು ಉಸಿರು ಬಿಗಿಹಿಡಿದು ಕೂತಿದೆ. ಆಗ ಭಾವನೂ ಏಳುತ್ತಾರೆ! ಪ್ಯಾಂಟಿನ ಮೇಲಿನ ಪಾಪ್‌ಕಾರ್ನ್ ಕೊಡವಿ, "ನಡಿ" ಎನ್ನುತ್ತಾರೆ.

"ಭಾವ, ಕ್ಲೈಮ್ಯಾಕ್ಸು!"

"ಬಸ್ ತಪ್ಪತೈತೆ."

ಹರಿಹರದ ಬಸ್ಸು ತಪ್ಪುವುದು ಎಂದರೇನು ಸ್ವಾಮಿ? ಒಂದರ ಬೆನ್ನಿಗೆ ಇನ್ನೊಂದು ನಿಂತಿರುತ್ತದೆ. ಸುಮ್ಮನೆ ನಿಲ್ದಾಣದಲ್ಲಿ ಆಕಳಿಸಿದರೂ ಕಂಡಕ್ಟರು ಕೈಹಿಡಿದು ಹತ್ತಿಸಿಕೊಳ್ಳುತ್ತಾನೆ. ಇದನ್ನು ಹೇಳಿದರೆ, "ಎಲ್ಲಾ ಒಮ್ಮೆಲೇ ಎದ್ರೆ ನಿನ್ ಗಾಡಿ ತೆಗೆಯಾಕಾಗಲ್ಲ." ಅದಕ್ಕೂ ಜಗ್ಗದಿದ್ದರೆ, "ನೋಡಾದೇನೈತೆ? ಪೋಸ್ಟರ್‌ನಾಗೆ ಯಾರ ಮುಖ ದೊಡ್ಡದೈತೋ ಅವನೇ ಗೆಲ್ತಾನೆ, ಏಳು." ಅವರನ್ನು ಬಸ್ ನಿಲ್ದಾಣಕ್ಕೆ ಬಿಡಬೇಕಾದವನು ನಾನು. ಸಾಲಿನವರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ, ತೆರೆಯ ಕಡೆ ಕತ್ತು ತಿರುಗಿಸಿಕೊಂಡೇ ಹೊರಗೆ ನಡೆಯುತ್ತೇನೆ. ನನ್ನ ಹೆಂಡತಿಯಂತೂ ಒಂದು ಸಲ ಬಂದವಳು ಕೈಮುಗಿದುಬಿಟ್ಟಳು. "ನಿಮ್ ಭಾವನ ಸಂಗಡ ಪಿಚ್ಚರಿಗೆ ಹೋಗಾದೂ ಒಂದೇ, ಮಜ್ಜಿಗೆ ಬರೋ ಮುಂಚೆ ಎಲೆಯಿಂದ ಏಳಾದೂ ಒಂದೇ" ಎಂದಳು.

ಒಂದೇ ಒಂದು ಕ್ಲೈಮ್ಯಾಕ್ಸ್ ನೋಡಿಬಿಡಬೇಕು ಎನ್ನುವುದು ನನ್ನ ಜೀವಮಾನದ ಆಸೆಯಾಗಿಹೋಯಿತು. ಬೇರೆಯವರ ಜೊತೆ ಹೋಗಬಹುದಿತ್ತಲ್ಲ ಎನ್ನಬೇಡಿ. ನೋಡಿದ ಸಿನಿಮಾವನ್ನೇ ಮತ್ತೆ ಕೊನೆಯ ಹತ್ತು ನಿಮಿಷಕ್ಕಾಗಿ ದುಡ್ಡು ಕೊಟ್ಟು ನೋಡಲು ನನಗೇನು ಹುಚ್ಚೇ?

ಹಾಗಂತ ಭಾವ ಸಿನಿಮಾ ಮೆಚ್ಚುವವರೂ ಅಲ್ಲ. ಹೊಡೆದಾಟದ ಸಿನಿಮಾದಲ್ಲಿ ಅವರ ಕನಿಕರವೆಲ್ಲ ತರಕಾರಿ ಗಾಡಿಯವನ ಮೇಲೆ. "ಅವನೇನ್ ಪಾಪ ಮಾಡಿದ್ದ? ಎಲ್ಲಾ ಪಿಚ್ಚರ್‌ನಾಗೂ ಅವನ ಟೊಮೇಟೋನೇ ಉರುಳ್ತಾವೆ. ಊರು ಉಳಿಸೋದು ಆಮ್ಯಾಲಿರ್ಲಿ, ಮೊದ್ಲು ಟೊಮೇಟೋ ಉಳಿಸ್ಲಿ!" ಹೀರೋ ಸಿಗರೇಟು ಹೊತ್ತಿಸಿ ನಿಧಾನಕ್ಕೆ ನಡೆದುಬರುವಾಗ ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆದರೆ, ಇವರು ಕೈಗಡಿಯಾರ ನೋಡಿಕೊಂಡು, "ಆವರಗೆರೆಯಿಂದ ನಾ ನಡ್ಕಂಡು ಹೊರಟಿದ್ರೂ ಇಷ್ಟೊತ್ತಿಗೆ ಊರು ದಾಟಿ ಬಾತಿ ಮುಟ್ತಿದ್ದೆ" ಎನ್ನುತ್ತಾರೆ.

ವಿಜ್ಞಾನದ ಸಿನಿಮಾ ಬಂದರಂತೂ ಕೇಳಲೇಬೇಡಿ. ಕೋಟಿ ಕೋಟಿ ಸುರಿದು ಕಟ್ಟಿದ ಅಂತರಿಕ್ಷ ನೌಕೆ, ಒಳಗೆಲ್ಲ ಕೆಂಪು ಹಸಿರು ದೀಪ. ಭಾವ ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟು ಬಲ್ಬು ಮಿಣಮಿಣ ಅಂತಾವೆ ಅಂದ್ರೆ ಎಲ್ಲೋ ಲೂಸ್ ಕನೆಕ್ಷನ್ ಐತೆ" ಎಂದುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗರು ತಿರುಗಿ ನೋಡಿದರು. ಅನ್ಯಗ್ರಹದವರು ಯಾವಾಗಲೂ ಅಮೆರಿಕದಲ್ಲೇ ಯಾಕೆ ಇಳಿಯುತ್ತಾರೆ ಎನ್ನುವುದು ಅವರ ಇನ್ನೊಂದು ತಕರಾರು. "ನಮ್ ಹರಿಹರದ ಹೊಳೆ ದಂಡೆ ಮ್ಯಾಲೆ ಬೇಕಾದಷ್ಟು ಜಾಗ ಐತೆ. ಇಳೀರಪ್ಪಾ, ಯಾರ್ ಬ್ಯಾಡ ಅಂತಾರೆ?"

ಹಬ್ಬದ ರಜೆಗೆ ಬರುವ ತುಂಬು ಕುಟುಂಬದ ಸಿನಿಮಾ ಇನ್ನೊಂದು ಥರ. ಬೆಳ್ಳಂಬೆಳಗ್ಗೆ ಅಜ್ಜನಿಂದ ಮೊಮ್ಮಕ್ಕಳವರೆಗೆ ಇಡೀ ವಂಶ ರೇಷ್ಮೆ ಉಟ್ಟು ಅಂಗಳದಲ್ಲಿ ಕುಣಿಯುತ್ತಿದೆ. ಜನ ಕಣ್ಣೀರು ಒರೆಸಿಕೊಳ್ಳುತ್ತಿದ್ದಾರೆ. ಭಾವ ನನ್ನ ಕಿವಿಯ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಈ ಮನ್ಯಾಗೆ ಬಚ್ಚಲು ಎಷ್ಟು ಅದಾವೆ?"

ಇಷ್ಟು ತಕರಾರಿದ್ದವರು ಯಾಕೆ ಒಂದು ಸಿನಿಮಾನೂ ಬಿಡುವುದಿಲ್ಲ? ನಿಜವಾದ ಸಿನಿಮಾ ಹುಚ್ಚು ಇದ್ದದ್ದು ನನ್ನ ಅಕ್ಕನಿಗೆ. ಮದುವೆಯಾದ ಹೊಸತರಲ್ಲಿ ಭಾವನನ್ನು ಎಳೆದುಕೊಂಡು ಹೋಗುತ್ತಿದ್ದವಳೇ ಅವಳು. ಈಗ ಅವಳಿಗೆ ಕಿವಿಯೊಳಗೆ ಏನೋ ತೊಂದರೆ. ದೊಡ್ಡ ಸದ್ದು ಕೇಳಿದರೆ, ಬೆಳಕು ಸರಸರ ಓಡಾಡಿದರೆ ಮನೆಯೇ ಗಿರ್ರನೆ ತಿರುಗಿದಂತಾಗಿ ವಾಂತಿ ಮಾಡಿಕೊಂಡು ಮಲಗಿಬಿಡುತ್ತಾಳೆ. ಥಿಯೇಟರು ಹಾಗಿರಲಿ, ಟಿವಿ, ಮೊಬೈಲು ಕೂಡ ನೋಡುವಂತಿಲ್ಲ. ಹೆಂಡತಿ ಹೀಗೆ ಮನೆಯಲ್ಲಿ ಕೂತಿರುವಾಗ ಈ ಮನುಷ್ಯ ಒಬ್ಬರೇ ಬಂದು ಪಾಪ್‌ಕಾರ್ನ್ ತಿನ್ನುತ್ತಾರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟೂ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಆ ಸಿಟ್ಟು ಹೊರಬಿದ್ದದ್ದು ದಸರಾ ರಜೆಯಲ್ಲಿ. ಹೊಡೆದಾಟ, ವಿಜ್ಞಾನ, ಕುಟುಂಬ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಸಿನಿಮಾ ಬಂದಿತ್ತು. ಹೀರೋ ಹಿತ್ತಲಲ್ಲಿ ಒಂದು ಯಂತ್ರ ಮಾಡಿ, ಹಳೆಯ ಕಾಲಕ್ಕೆ ಹೋಗಿ, ಖಳನಾಯಕನನ್ನು ಬಡಿದು ವಾಪಸು ಬರುತ್ತಾನೆ. ಬಂದು ನೋಡಿದರೆ ಕಾಲವೇ ಬದಲಾಗಿದೆ, ಅವನ ಮದುವೆಯೇ ಆಗಿಲ್ಲ! ಬಾಗಿಲು ತೆರೆದ ಹೆಂಡತಿ "ಯಾರು ಬೇಕಾಗಿತ್ತು?" ಎಂದು ಕೇಳುತ್ತಾಳೆ. ಭಾವ ಸರಿಯಾಗಿ ಆಗ ಎದ್ದರು.

ನಾನು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ. "ನೀವು ಹೋಗ್ರಿ ಭಾವ. ನಾ ಏಳಲ್ಲ."

ಆಸ್ತಿಯಲ್ಲಿ ಪಾಲು ಕೇಳಿದವನನ್ನು ನೋಡುವಂತೆ ನನ್ನನ್ನೊಮ್ಮೆ ನೋಡಿ ಹೊರಟುಹೋದರು. ನಾನು ಗೆದ್ದಿದ್ದೆ! ಎಷ್ಟೋ ವರ್ಷದ ಮೇಲೆ ಕ್ಲೈಮ್ಯಾಕ್ಸ್! ಹೀರೋ ಬಾಗಿಲಲ್ಲಿ ಕಲ್ಲಾಗಿ ನಿಂತ, ಆಕಾಶ ಕೆಂಪಾಯಿತು, ಎಲ್ಲಿಂದಲೋ ಖಳನಾಯಕ ನಕ್ಕ, ತೆರೆಯ ತುಂಬ ಅಕ್ಷರ ಮೂಡಿತು: 'ಉಳಿದದ್ದು ಭಾಗ ಎರಡರಲ್ಲಿ'.

ಹೊರಗೆ ಭಾವ ನನ್ನ ಬೈಕಿನ ಮೇಲೆ ಕೂತು ಕಾಯುತ್ತಿದ್ದರು. ಅವತ್ತು ಅಕ್ಕ ನನ್ನನ್ನೂ ಹೋಳಿಗೆ ಊಟಕ್ಕೆ ಕರೆದಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಹೇಳಬ್ಯಾಡ! ಹೇಳಿದ್ಯೋ, ನಿನ್ ಮನೆ ಮೆಟ್ಟಿಲು ತುಳಿಯಲ್ಲ" ಎಂದರು. ಹರಿಹರ ಮುಟ್ಟುವವರೆಗೂ ಹೆಲ್ಮೆಟ್ಟಿನ ಎರಡೂ ಪಕ್ಕ ಕೈ ಒತ್ತಿಕೊಂಡೇ ಹಿಂದೆ ಕೂತಿದ್ದರು.

ಮನೆಯಲ್ಲಿ ಅಕ್ಕ ಕಿಟಕಿಯ ಪರದೆ ಎಳೆದು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಭಾವ ಕೈಕಾಲು ತೊಳೆದು ಎದುರಿಗೆ ಕೂತರು. ಸಿನಿಮಾ ಶುರುವಾಯಿತು! ಹೆಸರು ತೋರಿಸುವಲ್ಲಿಂದ ಹಿಡಿದು ಒಂದೊಂದು ದೃಶ್ಯ, ಒಂದೊಂದು ಮಾತು. ಹೀರೋ ಅವರೇ, ಖಳನಾಯಕ ಅವರೇ, ಅಳುವ ತಾಯಿಯೂ ಅವರೇ. ಥಿಯೇಟರಿನಲ್ಲಿ ಗೊಣಗಿದ ಒಂದು ತಕರಾರೂ ಇಲ್ಲಿಲ್ಲ. ಬಾಂಬು ಸಿಡಿಯುವಾಗ ಅವಳಿಗೆ ತಲೆಸುತ್ತು ಬಾರದ ಹಾಗೆ, ಪಿಸುದನಿಯಲ್ಲಿ "ಢಂ" ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದಳು.

ಹೆಂಡತಿ ಬಾಗಿಲು ತೆರೆಯುವಲ್ಲಿಗೆ ಬಂದು ಭಾವ ನಿಲ್ಲಿಸಿದರು. "ನಾ ನೋಡಿದ್ದು ಇಲ್ಲೀತನ. ಇವನು ಪೂರ್ತಿ ನೋಡ್ಯಾನೆ, ಆದ್ರೂ ಮುಂದೆ ನೀನೇ ಹೇಳು" ಎಂದರು ಅಕ್ಕನಿಗೆ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಅಕ್ಕ ನಕ್ಕಳು. "ಪೂರ್ತಿ ನೋಡ್ಕಂಡು ಬಂದ್ರೆ ನಾ ಬರೀ ಕೇಳೋದಾತು ತಮ್ಮಾ. ಅದಕ್ಕೇ ಇವ್ರು ಕೊನೀದು ಬಿಟ್ಟು ಬರ್ತಾರೆ. ಅಲ್ಲಿಂದ ಇಬ್ರೂ ಕೂಡೇ ನೋಡ್ತೀವಿ."

ಆಮೇಲೆ ಮತ್ತೆ ಕಣ್ಣು ಮುಚ್ಚಿಕೊಂಡು ಹೇಳಿದಳು. "ಅವನು ಸುಮ್ನೆ ವಾಪಸ್ ಹೋಗ್ತಾನೆ. ಮರುದಿನ ಅಪ್ಪ ಅಮ್ಮನ್ನ ಕರ್ಕಂಡು ಹೆಣ್ಣು ನೋಡಾಕೆ ಬರ್ತಾನೆ. ಎರಡನೇ ಸಲ. ಅವಳಿಗೇನೂ ಗೊತ್ತಿಲ್ಲ, ಉಪ್ಪಿಟ್ಟು ತಂದಿಡ್ತಾಳೆ. ಅವನಿಗೆ ಎಲ್ಲಾ ಗೊತ್ತೈತೆ. ಮುಂದೆ ಇವಳಿಗೆ ಕಾಯಿಲೆ ಬರ್ತೈತೆ, ಎಲ್ಲೂ ಕರ್ಕಂಡು ಹೋಗಾಕಾಗಲ್ಲ ಅನ್ನಾದೂ ಗೊತ್ತೈತೆ."

"ಗೊತ್ತಿದ್ದೂ ಒಪ್ತಾನಾ?" ಎಂದರು ಭಾವ.

"ಉಪ್ಪಿಟ್ಟು ಖಾಲಿ ಮಾಡಿ, ಒಪ್ಪಿಗೆ ಐತೆ ಅಂತಾನೆ."

ಅಕ್ಕ ಕಣ್ಣು ತೆರೆದು ನನ್ನ ಕಡೆ ತಿರುಗಿದಳು. "ನೀ ಪೂರ್ತಿ ನೋಡಿ ಬಂದ್ಯಂತಲ್ಲ. ಹಿಂಗೇ ಐತಾ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಹೂಂ ಅಕ್ಕ" ಎಂದೆ. "ಹಿಂಗೇ ಐತೆ."

ಭಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅವರು ಒಂದು ಸಿನಿಮಾವನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಪಿಚ್ಚರ್ ಭಾಳ ಚೆನ್ನಾಗೈತೆ."