ಕ್ಯಾಚರ್ರಿಗೆ ಹೆಣ್ಣು

ಎಲ್ಲಕ್ಕೂ ಕಾರಣ ಉಪ್ಪಿಟ್ಟು. ಹೊಸಹೊಳಲಿಗೆ ಹೆಣ್ಣು ನೋಡಲು ಹೋದ ದಿನ ನಾಗಾರ್ಜುನನ ಬಾಯಿ ತುಂಬ ಅದೇ ಇತ್ತು. ಜೊತೆಗೆ ಬಂದಿದ್ದ ಡ್ರಿಲ್ ಮಾಸ್ತರು ದೊರೆಸ್ವಾಮಿ ಬುರುಡೆ ಬಿಡುತ್ತಿದ್ದರೆ ಅವನು ಹೌದೆಂದು ತಲೆಯಾಡಿಸಿದ.

"ನಮ್ಮುಡ್ಗ ಬೇಸ್‌ಬಾಲ್ ಕ್ಯಾಚರ್ರು! ನೂರು ವರ್ಷದ ಹಿಂದೇನೇ ಅಮೆರಿಕದಲ್ಲಿ ಕ್ಯಾಚರ್‌ಗೆ ಸಂಬಳ ಕೊಟ್ಟು ಸಾಕೋರು. ಚೆಂಡು ಹಿಡಿದೂ ಹಿಡಿದೂ ಅವರ ಬೆರಳೆಲ್ಲ ಶುಂಠಿ ಗೆಡ್ಡೆ ಆಗಿರೋವು."

ಹೆಣ್ಣಿನ ತಂದೆ ಮಂಚಯ್ಯ ಹುಡುಗನ ನೆಟ್ಟನೆಯ ಬೆರಳುಗಳನ್ನೇ ನೋಡಿದರು. "ಭಾನ್ವಾರ ಆಟ ನೋಡೇ ಮಾತು ಕೊಡ್ತೀನಿ ಬುಡಿ."

ನಿಜಕ್ಕೂ ಅವನು ಕ್ರಿಕೆಟ್ ಕೀಪರು. ಮಾಸ್ತರು ಅದೇ ತಂಡಕ್ಕೆ ಬೇಸ್‌ಬಾಲ್ ಹೇಳಿಕೊಟ್ಟು ತಿಂಗಳೂ ಆಗಿರಲಿಲ್ಲ. ಆದರೆ ಹುಡುಗಿ ಪ್ರಿಯಾಂಕ ಬಾಗಿಲ ಮರೆಯಿಂದ ನಕ್ಕಿದ್ದಳಲ್ಲ, ಆ ನಗು ಅವನ ನಿದ್ದೆ ಕೆಡಿಸಿತ್ತು.

ಭಾನುವಾರ ಪಾಂಡವಪುರದ ಮೈದಾನದಲ್ಲಿ ನಾಗಮಂಗಲದ ಮೇಲೆ ಆಟ. ಕೊನೆಯ ಸರದಿ, ನಾಗಾರ್ಜುನನ ತಂಡ ಎರಡೇ ರನ್ ಮುಂದು. ಎದುರಾಳಿಗಳು ಮೂವರು ಓಡಲು ಕಾದು ನಿಂತಿದ್ದರು. ಬ್ಯಾಟಿಗೆ ತಗುಲಿದ ಚೆಂಡು ಆಕಾಶಕ್ಕೇರಿತು. ನಾಗಾರ್ಜುನ ಹಿಡಿದೇಬಿಟ್ಟ! ಹಿಡಿದವನೇ ಕೀಪರನ ಹಳೇ ಚಾಳಿಯಂತೆ ಚೆಂಡನ್ನು ಮೇಲಕ್ಕೆ ತೂರಿ ಕುಣಿದ. ತಂಡದವರೆಲ್ಲ ಓಡಿಬಂದು ಅವನನ್ನು ಹೆಗಲಿಗೇರಿಸಿದರು.

"ಲೇ, ಚೆಂಡು ಎತ್ರುಲಾ! ಓಡ್ತಾವ್ರೆ ಕಣ್ರುಲಾ!" ಮಾಸ್ತರು ಚೀರಿದರು.

ಈ ಆಟದಲ್ಲಿ ಕ್ಯಾಚ್ ಹಿಡಿದ ಮೇಲೂ ಓಟ ನಿಲ್ಲುವುದಿಲ್ಲ. ಮೂವರೂ ಸಂಜೆ ಕೊಟ್ಟಿಗೆಗೆ ಬರುವ ಎಮ್ಮೆಗಳಂತೆ ಸಾಲಾಗಿ ಬಂದು ಗುರಿ ಮುಟ್ಟಿದರು. ಮೂರು ರನ್!

"ಸೋತು ಮೆರವಣಿಗೆ ಮಾಡಿಸ್ಕೊಂಡೋನು ನೀನೊಬ್ನೇ ಕಣ್ಲಾ!" ಬೇಲಿಯಾಚೆಯಿಂದ ಯಾರೋ ಕೂಗಿದರು.

ನಾಚಿಕೆಗೆ ನಾಗಾರ್ಜುನನ ಕಿವಿ ಕಾದ ಹಂಚಾಯಿತು. ಕ್ಯಾಚರ್ ತೊಡುವ ಕಂಬಿ ಮುಖವಾಡ ತೆಗೆಯುವ ಧೈರ್ಯವೇ ಬರಲಿಲ್ಲ. ತಂಡದ ಅಂಗಿಯ ಮೇಲೆ ಯಾರದೋ ಜರ್ಕಿನ್ ಎಳೆದುಕೊಂಡು ಓಡಿ, ಹೊರಟು ನಿಂತ ಬಸ್ಸು ಹತ್ತಿ, ಸಿಕ್ಕ ಸೀಟಿನಲ್ಲಿ ಕುಸಿದ. ಪಕ್ಕದಲ್ಲಿ ಮಂಚಯ್ಯ!

"ಅಂಪೈರ್ ಸಾಹೇಬ್ರಲ್ವಾ?"

ಮೈದಾನದಲ್ಲಿ ಆ ಬಗೆಯ ಮುಖವಾಡ ಹಾಕುವವರು ಕ್ಯಾಚರ್, ಅಂಪೈರ್ ಇಬ್ಬರೇ. "ಹೂಂ," ಎಂದ, ಬದುಕಿದೆ ಅಂದುಕೊಂಡು.

"ಅತ್ರದಿಂದ ನೋಡಿದೋರು ನೀವು. ಆ ಕ್ಯಾಚರ್ ಉಡ್ಗ ಎಂಗೆ?"

ಉಗಿಯಲೆಂದೇ ಕೇಳುತ್ತಿದ್ದಾರೆ, ಹೊಗಳಿದರೆ ಗುಟ್ಟು ರಟ್ಟಾದೀತು. "ಅವ್ನಾ? ಶುದ್ಧ ಪೆದ್ದ. ಎದುರಿನೋರು ಮನೆ ದೋಚ್ತಿದ್ರೂ ಕುಣೀತಿರ್ತಾನೆ."

ಮಂಚಯ್ಯ ಬೆಚ್ಚಿದರು. "ಅಂಗಾ! ನಂಗೇನ್ ಗೊತ್ತು ಸ್ವಾಮಿ? ಎಲ್ರೂ ಎಗಲ್ಮೇಲೆ ಒತ್ಕೊಂಡ್ರು, ಗೆದ್ದ ಅನ್ಕಂಡು ಎದ್ದು ಬಂದ್ಬುಟ್ಟೆ. ಹೆಣ್ಣು ಕೊಡಾದೇ ಅಂತ ಮನ್ಸು ಮಾಡಿದ್ದೆ."

ನಾಗಾರ್ಜುನ ಬಾಯಿ ತೆರೆಯುವಷ್ಟರಲ್ಲಿ ಫೋನು ಅವರ ಕಿವಿಗೇರಿತ್ತು. "ಪ್ರಿಯಾಂಕ, ಆ ಸಂಬಂಧ ಬ್ಯಾಡ ಕಣವ್ವ. ಅಂಪೈರೇ ಏಳವ್ರೆ... ಅಳಬ್ಯಾಡ ಬುಡು."

ಫೋನು ಜೇಬಿಗಿಟ್ಟು ಅವರು ಅಭಿಮಾನದಿಂದ ಇವನ ಕೈ ಹಿಡಿದರು. "ಇಂಗೆ ದಿಟ ಏಳೋರು ಈಗ ಎಲ್ಲವ್ರೆ? ನಿಮ್ಗೆ ಮದ್ವೆ ಆಗೈತಾ?"

ನಾಗಾರ್ಜುನನ ತಲೆ ತಾನಾಗಿಯೇ ಇಲ್ಲವೆಂದು ಆಡಿತು.

"ಅಂಗಾರೆ ವಸಿ ಆ ಪಂಜರ ತಗೀರಿ. ಮಖ ನೋಡಾನ."