ದನದ ಡಾಕ್ಟರ ಟರ್ಬೋ ಗಾಡಿ

ನಮ್ಮ ಕಾಕಾನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಹುನಗುಂದದಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರ ಕೆಲಸವನ್ನು ನಾನೇಕೆ ಕಸಿದುಕೊಳ್ಳಲಿ? ನಾನು ಕೇಳುವುದಿಷ್ಟೇ: ಜೀವಮಾನವೆಲ್ಲ ಎಮ್ಮೆಗಳ ಹೊಟ್ಟೆ ಮುಟ್ಟಿ ನೋಡಿ, ಹೋರಿಗಳ ಒದೆ ತಿಂದು, ದನದ ದವಾಖಾನೆಯಿಂದ ಮರ್ಯಾದೆಯಾಗಿ ನಿವೃತ್ತರಾದ ಒಬ್ಬ ಮನುಷ್ಯ, ಓರಗೆಯವರೆಲ್ಲ ಕಾಶಿಗೆ ಹೊರಟಿರುವಾಗ ತಾನೊಬ್ಬನೇ ಕೊಲ್ಹಾಪುರಕ್ಕೆ ಹೋಗಿ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂಥ, ಗಿಣಿಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರೆ ಅದಕ್ಕೆ ಏನೆನ್ನಬೇಕು? ನೀವೇ ಹೇಳಿ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಾನು ಬಾಗಲಕೋಟೆಯಲ್ಲಿ ಕಾಲೇಜು ಮಕ್ಕಳಿಗೆ ಕನ್ನಡ ಕಲಿಸಿಕೊಂಡು ಸುಮ್ಮನಿದ್ದವನು. ಗಾಡಿ ಬಂದ ಸುದ್ದಿ ಕೇಳಿ ರವಿವಾರ ನೋಡಲು ಹೋದರೆ, ಕಾಕಾ ಬಾನೆಟ್ ತೆರೆದು, ಕಿವಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಎಂಜಿನ್ನಿನ ಎದೆಬಡಿತ ಕೇಳುತ್ತಿದ್ದರು. ಹೌದು, ಅದೇ ಸ್ಟೆತಾಸ್ಕೋಪು! ತಾಲೂಕಿನ ಅರ್ಧ ಎಮ್ಮೆಗಳ ಪರಿಚಯವಿದ್ದದ್ದು.

"ಬಾರಲೇ ತಮ್ಮಾ, ಇದಕ್ಕ ಟರ್ಬೋ ಐತಿ" ಎಂದರು, ಮನೆಗೆ ಅಳಿಯ ಬಂದಷ್ಟು ಸಂಭ್ರಮದಿಂದ.

"ಟರ್ಬೋ ಅಂದ್ರ ಏನ್ರಿ ಕಾಕಾ?"

"ಎಂಜಿನ್ನಿನ ಹೊಗಿ ಹೊರಗ ಹೋಗೂ ಮುಂದ ಒಂದು ಸಣ್ಣ ಫ್ಯಾನ್ ತಿರಗಸ್ತೈತಿ. ಆ ಫ್ಯಾನು ಹೊರಗಿನ ಗಾಳಿ ಹಿಡಿದು ಜಬರ್ದಸ್ತೀಲೆ ಎಂಜಿನ್ ಒಳಗ ತುರಕತೈತಿ. ಗಾಳಿ ಹೆಚ್ಚಾದ್ರ ಪೆಟ್ರೋಲ್ ಹೆಚ್ಚು ಉರಿತೈತಿ, ತಾಕತ್ತು ಹೆಚ್ಚಾಗತೈತಿ. ತಿಳೀತಿಲ್ಲೋ?"

ನನಗಿಂತ ಮೊದಲು ತಿಳಿದದ್ದು ಬಾಗಿಲಲ್ಲಿ ನಿಂತಿದ್ದ ಕಾಕುವಿಗೆ, ಅಂದರೆ ಕಾಕಾನ ಹೆಂಡತಿಗೆ. "ಅಯ್ಯ, ಒಲಿ ಮುಂದ ಕುಂತು ನಾ ಊದುಗೊಳವಿ ಊದ್ತಿದ್ನೆಲ್ಲಾ, ಅದ ಅಲ್ಲೇನ್ರಿ ಇದು? ಜಲ್ಮ ಎಲ್ಲಾ ಟರ್ಬೋ ಊದೀನಿ, ಒಬ್ರರ ನೋಡಾಕ ಬಂದ್ರೇನು?"

ಕಾಕಾ ಮತ್ತೆ ಸ್ಟೆತಾಸ್ಕೋಪ್ ಹಾಕಿಕೊಂಡರು. ಕಿವಿ ಮುಚ್ಚಿಕೊಳ್ಳಲು ಅದಕ್ಕಿಂತ ಸಭ್ಯವಾದ ಉಪಾಯ ಇನ್ನೊಂದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧದ ಅಗತ್ಯವೇ ಇರಲಿಲ್ಲ. ಆದರೆ ಗಾಡಿಗೆ ಇದ್ದ ತಾಕತ್ತು ಸಾಲದು ಎಂದು ಕಾಕಾನಿಗೆ ಅನ್ನಿಸತೊಡಗಿತು! ಯಾರಿಗೆ ಸಾಲದು, ಯಾತಕ್ಕೆ ಸಾಲದು ಎಂದು ಕೇಳಬೇಡಿ. ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಹೋಯಿತು, ಭಾರ ಕಡಿಮೆಯಾಗಲಿ ಎಂದು. ಸ್ಪ್ರಿಂಗು ಬದಲಾಗಿ ಗಾಡಿ ಇನ್ನಷ್ಟು ತಗ್ಗಿತು. ಪುಣೆಯಲ್ಲಿ ಟ್ಯೂನರ್ ಒಬ್ಬರು ಸಿಕ್ಕರು. ಗಾಡಿಯ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿದರೆ, ಅವರು ಅಲ್ಲಿಂದಲೇ ಫೋನಿನಲ್ಲಿ ಗಾಳಿ ಇಷ್ಟು, ಪೆಟ್ರೋಲ್ ಅಷ್ಟು ಎಂದು ಹೇಳಿ ತಾಕತ್ತು ಏರಿಸುವವರು. ಗಾಡಿ ಓಡುವಾಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಂಕಿ ಓದಲು ಅಕ್ಷರಸ್ಥನೊಬ್ಬ ಬೇಕಲ್ಲ? ಹಳಗನ್ನಡ ಓದುವವನಿಗೆ ಇದೇನು ಮಹಾ ಎಂದು ನನ್ನನ್ನು ಕೂರಿಸಿದರು.

ಇನ್ನು ರೋಡ್ ಹಂಪುಗಳ ಕಥೆ. ತಗ್ಗಿದ ಗಾಡಿ ಹಂಪು ದಾಟಬೇಕಾದರೆ ಒಳಗಿದ್ದವರು ಇಳಿಯಬೇಕು. ಕಾಕು ಇಳಿದು ನಡೆಯುವುದು, ಗಾಡಿ ಅಡ್ಡಡ್ಡ ತೆವಳಿ ದಾಟುವುದು, ಕಾಕು ಮತ್ತೆ ಹತ್ತುವುದು. ಹುನಗುಂದದಿಂದ ಅಮೀನಗಡಕ್ಕೆ ಒಮ್ಮೆ ಹೀಗೆ ಹೋಗಿ ಬಂದ ಕಾಕು ನೆರೆಯವರಿಗೆ ಹೇಳಿದ್ದು: "ಭಾಳ ಛಲೋ ಗಾಡಿ ನೋಡ್ರಿ. ಇದು ಬಂದಮ್ಯಾಲ ನಡದು ನಡದು ನನ್ನ ಮೊಣಕಾಲು ನೋವು ಹೋತು!"

ಈ ಗಾಡಿಗೆ ಇನ್ನೊಂದು ಗುಣವಿತ್ತು. ಎಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಒಳಗೆ ಒತ್ತಿಕೊಂಡಿದ್ದ ಗಾಳಿ 'ಫಿಸ್ಸ್' ಎಂದು ಹೊರಬರುತ್ತಿತ್ತು. ಥೇಟ್ ಸೀನಿದ ಹಾಗೆ. ಮಗ್ಗುಲ ಮನೆಯ ಹಿರಿಯರೊಬ್ಬರು ಮೊಮ್ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೊರಟಿದ್ದರು. ಕಾಕಾ ಬಿಡುತ್ತಾರೆಯೇ? ಕರೆದು ಕೂರಿಸಿಕೊಂಡರು. ನಾನು ಜಾಗವಿಲ್ಲದೆ ಬೈಕಿನಲ್ಲಿ ಹಿಂದೆ. ಗಾಡಿ ಹೊರಟಿತು, ಗೇರು ಬದಲಾಯಿತು, 'ಫಿಸ್ಸ್!'

"ನಿಲ್ಲಸ್ರಿ ಡಾಕ್ಟ್ರ! ಶುಭಕಾರ್ಯಕ್ಕ ಹೊಂಟೀವಿ, ಸೀನತಲ್ರಿ ಇದು!" ಹಿರಿಯರು ಬಾಗಿಲಿಗೆ ಕೈ ಹಾಕಿದರು.

ಕಾಕಾ ಎದೆಗುಂದಲಿಲ್ಲ. "ಯಜಮಾನ್ರ, ಒಂದು ಸೀನು ಅಪಶಕುನ. ಎರಡಾದ್ರ ಶುಭ ಅಲ್ಲೇನ್ರಿ?" ಎಂದು ಇನ್ನೊಮ್ಮೆ ಎಕ್ಸಲರೇಟರ್ ಒತ್ತಿ ಬಿಟ್ಟರು. 'ಫಿಸ್ಸ್!' ಹಿರಿಯರ ಮುಖ ಅರಳಿತಂತೆ. ಆದರೆ ಇಳಕಲ್ ತನಕ ಅವರಿಗೆ ಒಂದೇ ಕೆಲಸವಾಯಿತಂತೆ. ಬೆರಳು ಮಡಚಿ ಸೀನುಗಳನ್ನು ಎಣಿಸುತ್ತಿದ್ದರು. ಸೀರೆ ಅಂಗಡಿಯ ಮುಂದೆ ಗಾಡಿ ನಿಂತಾಗ ಲೆಕ್ಕ ಬೆಸ ಬಂತಂತೆ. ಜೋಡಿಯಾಗಲಿ ಎಂದು ಕಾಕಾ ಇಡೀ ಪೇಟೆಗೆ ಇನ್ನೊಂದು ಸುತ್ತು ಹಾಕಿ ಒಂದು ಸೀನು ಸೀನಿಸಿಕೊಂಡು ಬಂದ ಮೇಲೆಯೇ ಅವರು ಕೆಳಗಿಳಿದದ್ದು!

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ನೆರಳೂ ನೆರಳು ಹುಡುಕುವಂಥದ್ದು. ಗಾಳಿ ಕಾದರೆ ಟರ್ಬೋ ಎಂಜಿನ್ನಿನ ತಾಕತ್ತು ಇಳಿಯುತ್ತದೆ. ಅದಕ್ಕೆಂದೇ ಗಾಡಿಯ ಮುಂಭಾಗದಲ್ಲಿ ಗಾಳಿ ತಣಿಸುವ ಜಾಲರಿ ಇರುತ್ತದೆ. ಹುನಗುಂದದಲ್ಲಿ ಆ ಜಾಲರಿಯೇ ಕಾದ ಹಂಚಾಗಿತ್ತು. ಒಂದು ಮಧ್ಯಾಹ್ನ ಹೋದಾಗ ನೋಡುತ್ತೇನೆ, ಗಾಡಿಯ ಮೂತಿಗೆ ನೀರಲ್ಲಿ ಅದ್ದಿದ ಕೆಂಪು ಸೆರಗಿನ ಇಳಕಲ್ ಸೀರೆ ಸುತ್ತಿದೆ. ಸೀಮಂತಕ್ಕೆ ಕೂತ ಬಸುರಿಯ ಹಾಗೆ ಗಾಡಿ ನಿಂತಿದೆ. ಎದುರಿಗೆ ಸೊಂಟಕ್ಕೆ ಕೈಯಿಟ್ಟುಕೊಂಡು ಕಾಕು.

"ಬ್ಯಾಸಿಗ್ಯಾಗ ಎಮ್ಮಿ ಮ್ಯಾಲ ಒದ್ದಿ ಗೋಣಿಚೀಲ ಹಾಕೂದಿಲ್ಲೇನ?" ಕಾಕಾನ ವಾದ.

"ಗೋಣಿಚೀಲ ಹಾಕ್ತಾರ್ರಿ. ನನ್ನ ಮದುವಿ ಸೀರಿ ಹಾಕೂದಿಲ್ಲ!"

ಅಂದು ಊಟಕ್ಕೆ ಕೂತರೆ ನನಗೆ ಬಿಸಿ ರೊಟ್ಟಿ, ಕಾಕಾನಿಗೆ ನಿನ್ನೆಯ ತಣ್ಣನೆಯ ರೊಟ್ಟಿ. ಯಾಕೆ ಎಂದು ಅವರು ತಲೆಯೆತ್ತಿದರು.

"ಬಿಸಿ ಆದ್ರ ತಾಕತ್ತು ಕಮ್ಮಿ ಆಗತೈತಿ ಅಂದ್ರಲ್ರಿ" ಎಂದರು ಕಾಕು, ಮಜ್ಜಿಗೆ ಬಡಿಸುತ್ತ.

ತಾಕತ್ತು ಏರಿತೋ ಇಲ್ಲವೋ ನೋಡಲು ರಾಮಥಾಳದ ಕಡೆ ಹೋಗುವ ಒಂದು ನೇರವಾದ, ಜನವಿಲ್ಲದ ದಾರಿಯನ್ನು ಕಾಕಾ ಗೊತ್ತುಮಾಡಿದ್ದರು. ತೊಡೆಯ ಮೇಲೆ ಲ್ಯಾಪ್‌ಟಾಪ್, ಫೋನಿನಲ್ಲಿ ಪುಣೆ, ಎದೆಯಲ್ಲಿ ಪ್ರಾಣ, ಈ ಮೂರನ್ನೂ ಹಿಡಿದುಕೊಂಡು ನಾನು ಕೂತೆ. ಕಾಕಾ ಒತ್ತಿದರು. ಬೆನ್ನಿಗೆ ಯಾರೋ ಗುದ್ದಿದ ಹಾಗಾಯಿತು. ಹೊಲಗಳೆಲ್ಲ ಹಿಂದಕ್ಕೆ ಓಡಿದವು. ನಾನು ಅಂಕಿ ಓದುವ ಬದಲು ವಚನ ಹೇಳತೊಡಗಿದ್ದೆ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ದೂರದಲ್ಲಿ ದಾರಿಯ ತುಂಬ ಕುರಿ! ಕಾಕಾ ಬ್ರೇಕ್ ಒತ್ತಿ ಬಹಳ ಹಿಂದೆಯೇ ನಿಲ್ಲಿಸಿದರು. ಕುರಿ ಕಾಯುವ ಹಿರಿಯ ಬೈಯುತ್ತಾನೆಂದುಕೊಂಡರೆ, ಅವನು ಕೈಮುಗಿದುಕೊಂಡು ಬಂದ.

"ಬೀರಪ್ಪ ದೇವರ ಕಳಿಸಿದಂಗ ಬಂದ್ರಿ ಡಾಕ್ಟ್ರ! ಈ ಟಗರು ಮುಂಜಾನಿಂದ ಕುಂಟಾಕತ್ತೈತಿ, ಒಂದೀಟು ನೋಡ್ರಿ."

ಕಾಕಾ ಇಳಿದು ಟಗರಿನ ಕಾಲು ಹಿಡಿದರು. ಟಗರು ಬಾಯಿ ತೆರೆಯಿತು. ಫೋನಿನಲ್ಲಿ ಪುಣೆಯ ಟ್ಯೂನರ್ ಗಾಬರಿಯಾಗಿ, ಇದೆಂಥ ಸದ್ದು, ಎಂಜಿನ್ನಿನಲ್ಲಿ ಏನು ಮುರಿಯಿತು ಎಂದು ಕೇಳುತ್ತಲೇ ಇದ್ದರು. ಗೊರಸಿನಲ್ಲಿ ಮುಳ್ಳು ಮುರಿದಿದೆ ಎಂದು ನಾನು ನಿಜವನ್ನೇ ಹೇಳಿದೆ. ಗೊರಸು ಎಂದರೆ ಯಾವ ಪಾರ್ಟು ಎಂದು ಅವರು ಕೇಳಿದರು.

ಹೀಗೆ ನಗುನಗುತ್ತ ಇದ್ದಾಗಲೇ ಕಾಕು ಹೊಟ್ಟೆನೋವು ಎಂದು ಮಲಗಿದರು. ಬಾಗಲಕೋಟೆಯ ದವಾಖಾನೆಯಲ್ಲಿ ಪರೀಕ್ಷೆ ಮಾಡಿ, ಗಡ್ಡೆ ಇದೆ, ತೆಗೆಯಬೇಕು, ಅದು ಎಂಥದ್ದೆಂದು ಆಮೇಲೆ ಗೊತ್ತಾಗುತ್ತದೆ ಎಂದರು. ಆಪರೇಷನ್ ದಿನ ಕಾಕಾ ಕಾರಿಡಾರಿನ ಬೆಂಚಿನ ಮೇಲೆ ಕೈ ಮಡಚಿ ಕೂತಿದ್ದರು. ಅಷ್ಟು ಚಿಕ್ಕದಾಗಿ ಅವರನ್ನು ನಾನು ಎಂದೂ ನೋಡಿರಲಿಲ್ಲ. ಎಷ್ಟೋ ಜೀವಗಳ ಹೊಟ್ಟೆ ಕೊಯ್ದು ಹೊಲಿದ ಕೈಗಳಿಗೆ ಅಂದು ಯಾವ ಕೆಲಸವೂ ಇರಲಿಲ್ಲ.

ಆಪರೇಷನ್ ಆಯಿತು. ಕಾಕು ಕಣ್ಣು ಬಿಟ್ಟರು. ಮಾರನೆಯ ದಿನ ಕಾಕಾ ನಾಪತ್ತೆ! ವಿಚಾರಿಸಿದರೆ ಊರಿನಲ್ಲಿ ಗಾಡಿಯ ಕೆಳಗೆ ಮಲಗಿದ್ದಾರೆ ಎಂದು ತಿಳಿಯಿತು. ಕಾಕುವಿನ ಅಕ್ಕ ಬಂದವರು ಎಲ್ಲರ ಮುಂದೆಯೇ ಅಂದರು: "ಹೇಂತಿ ಹೊಲಿಗಿ ಹಾಕಿಸ್ಕೊಂಡು ಮಲಗ್ಯಾಳ, ಈ ಮನಷಾಗ ಗಾಡಿ ಚಿಂತಿ. ಎಂಥಾ ಎದಿನೋ ಇವಂದು!" ನಾನು ಎಳನೀರು ತರುವ ನೆಪದಲ್ಲಿ ಹೊರಗೆ ಬಂದೆ.

ಸಂಜೆ ಪುಣೆಯ ಟ್ಯೂನರೇ ನನಗೆ ಫೋನ್ ಮಾಡಿದರು. "ನಿಮ್ಮ ಡಾಕ್ಟರ್ ಸಾಹೇಬರಿಗೆ ಏನಾಗಿದೆ?" ಎಂದು ಹಿಂದಿಯಲ್ಲಿ ಕೇಳಿದರು. ತಾಕತ್ತು ಇಳಿಸಬೇಕಂತೆ. ಎಷ್ಟು ಸಾಧ್ಯವೋ ಅಷ್ಟು. ಕಾಲಿಟ್ಟರೆ ಗಾಡಿ ಜಿಗಿಯಬಾರದು, ಹಾಲಿನ ಕೆನೆಯ ಹಾಗೆ ಸರಿಯಬೇಕಂತೆ. "ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಕಡಿಮೆ ಮಾಡಿ ಅಂತ ನನ್ನನ್ನು ಯಾರೂ ಕೇಳಿಲ್ಲ" ಎಂದರು.

ನಾನು ಹುನಗುಂದಕ್ಕೆ ಹೋದೆ. ಗಟ್ಟಿ ಸ್ಪ್ರಿಂಗುಗಳನ್ನೆಲ್ಲ ಕಳಚಿ ಮೆತ್ತನೆಯವನ್ನು ಹಾಕಿಸಿದ್ದರು. ಗಾಡಿ ನೆಲದಿಂದ ಮೇಲೆದ್ದು ಸಂಭಾವಿತನಂತೆ ನಿಂತಿತ್ತು. ಕಾಕಾ ನನ್ನನ್ನು ಕೂರಿಸಿ, ತುಂಬಿದ ತಂಬಿಗೆ ನೀರನ್ನು ಕೈಗೆ ಕೊಟ್ಟರು. "ತೊಡಿ ಮ್ಯಾಲ ಇಟಗೊಂಡು ಕುಂದರು. ಚೆಲ್ಲಿದ್ರ ಹೇಳು." ಬಾಗಲಕೋಟೆಯ ತನಕ ಹಾಗೆಯೇ ಹೋದೆವು. ಎಲ್ಲಿ ಚೆಲ್ಲಿತೋ ಅಲ್ಲಿ ಇಳಿದು ತಗ್ಗು ನೋಡಿ, ಯಾವ ಮಗ್ಗುಲಿನಿಂದ ದಾಟಬೇಕೆಂದು ಲೆಕ್ಕ ಹಾಕಿ, ತಿರುಗಿ ಬಂದು ಮತ್ತೆ ದಾಟಿದರು. ದವಾಖಾನೆ ಮುಟ್ಟುವಾಗ ನನ್ನ ಪ್ಯಾಂಟು ಪೂರ್ತಿ ಒದ್ದೆ. ಒಳಗೆ ಹೋದರೆ ವರದಿ ಬಂದಿತ್ತು. ಗಡ್ಡೆ ಕೆಟ್ಟದ್ದಲ್ಲ. ಕಾಕಾ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತರು.

ಮನೆಗೆ ಕಳಿಸುವ ದಿನ ಎಲ್ಲರೂ ದೊಡ್ಡ ಗಾಡಿ ತರಿಸೋಣ ಎಂದರು. ಕಾಕು ಒಪ್ಪಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನಾ ಅದರಾಗ ಬರ್ತೇನಿ. ಅವರು ಹೊಟ್ಟಿತುಂಬ ಉಂಡು ಎಷ್ಟ ದಿನ ಆತೋ ಏನೋ. ಗಾಡಿ ಹೊಡಿಯಾಕ ಹಚ್ಚಿದ್ರ ಸ್ವಲ್ಪ ಸುಧಾರಿಸ್ಕೋತಾರ."

ಸೀಟನ್ನು ಹಿಂದಕ್ಕೆ ಒರಗಿಸಿ, ದಿಂಬು ಇಟ್ಟು, ಕಾಕುವನ್ನು ಮಲಗಿಸಿಕೊಂಡು ಗಾಡಿ ಹೊರಟಿತು. ನಾನು ಬೈಕಿನಲ್ಲಿ ಹಿಂದೆ. ಸೈಕಲ್ಲುಗಳು ಮುಂದೆ ಹೋದವು. ಕಮತಗಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದುಕೊಂಡು ಮುಂದೆ ಹೋಗುತ್ತ, "ಯಾಕ್ರಿ ಡಾಕ್ಟ್ರ, ಪವರ್ ಕಮ್ಮಿ ಆತೇನ್ರಿ?" ಎಂದು ಅದರ ಡ್ರೈವರ್ ಕೂಗಿ ನಕ್ಕ.

"ಹೂನಪಾ, ಕಮ್ಮಿ ಆಗೈತಿ" ಎಂದರು ಕಾಕಾ. ಅಷ್ಟು ಸಂತೋಷದಿಂದ ಅವರು ಇನ್ನಾವ ಮಾತನ್ನೂ ಹೇಳಿದ್ದನ್ನು ನಾನು ಕೇಳಿಲ್ಲ.

ಮನೆ ಮುಂದೆ ಗಾಡಿ ನಿಂತಾಗ ಕಾಕುವಿಗೆ ನಿದ್ದೆ ಹತ್ತಿತ್ತು. ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ಬಂದರು. ಕಾಕಾ ತುಟಿಗೆ ಬೆರಳಿಟ್ಟು ಸನ್ನೆ ಮಾಡಿದರು. ಇಳಿಯಲಿಲ್ಲ, ಬಾಗಿಲು ತೆರೆದರೆ ಎಚ್ಚರವಾದೀತು ಎಂದು. ಆರತಿಯ ದೀಪ ಗಾಳಿಗೆ ಆರದಂತೆ ಸೆರಗು ಮರೆಮಾಡಿಕೊಂಡು ಎಲ್ಲರೂ ಸದ್ದಿಲ್ಲದೆ ನಿಂತರು. ಕಾಕಾ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದುಕೊಂಡು, ಹೆಂಡತಿಯ ಉಸಿರು ಏರಿಳಿಯುವುದನ್ನು ನೋಡುತ್ತ ಕೂತೇ ಇದ್ದರು.

ಸ್ವಲ್ಪ ಹೊತ್ತಿನ ಮೇಲೆ ಕಾಕು ಕಣ್ಣು ತೆರೆಯದೆಯೇ ಹೇಳಿದರು:

"ಎಚ್ಚರ ಅದೀನ್ರಿ. ಭಾಳ ಛಂದ ಅನಸಾಕತ್ತೈತಿ. ಇನ್ನೊಂದೀಟು ದೂರ ಹೋಗಿ ಬರೂಣು ನಡ್ರಿ."

ಕಾಕಾ ಕಣ್ಣೊರೆಸಿಕೊಂಡು, ಬಹಳ ಮೆಲ್ಲಗೆ, ಮೊದಲನೆಯ ಗೇರು ಹಾಕಿದರು.